ಓದಿ ಮರುಳಾದವರ ಪರವಾಗಿ

ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಪಿಎಚ್.ಡಿ.ಗೆ ಅರ್ಜಿ ಹಾಕಬೇಕು, ತಾಲ್ಲೂಕು ಊರಿನ ಕಾಲೇಜುಗಳಲ್ಲಿ ಪಾಠ ಹೇಳುವ ನಾವು ಅವರ ಬೆನ್ನು ಬಿದ್ದಾದರೂ ಹಾಕಿಸಬೇಕು ಎಂದು ಈಚೆಗೆ ಇದೇ ಪತ್ರಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಮೆಚ್ಚಿದವು ಕಡಿಮೆ, ಬೈದವು ಹೆಚ್ಚು. ಒಂದು ಕಾರ್ಡಿನಲ್ಲಂತೂ ಇದ್ದದ್ದು ಒಂದೇ ಸಾಲು: ‘ಓದಿ ಓದಿ ಮರುಳಾದ ಕೂಚಂಭಟ್ಟ.’ ಅದು ನನಗೆ ಅಂದದ್ದೋ ನನ್ನ ವಿದ್ಯಾರ್ಥಿಗಳಿಗೆ ಅಂದದ್ದೋ ತಿಳಿಯಲಿಲ್ಲ. ಉಳಿದವರು ಕಾರಣ ಕೊಟ್ಟು ಬೈದಿದ್ದಾರೆ. ಕಾರಣ ಕೊಟ್ಟವರಿಗೆ ಉತ್ತರ ಕೊಡಬೇಕಾದದ್ದು ಮರ್ಯಾದೆ.

ಅರ್ಧಕ್ಕಿಂತ ಹೆಚ್ಚು ಪತ್ರಗಳು ದುಡ್ಡಿನವು. ‘ಜೊತೆಗೆ ಓದಿದವರು ಕಂಪನಿ ಸೇರಿ ಸೈಟು ಮಾಡಿಕೊಳ್ಳುವ ವಯಸ್ಸಿನಲ್ಲಿ ನನ್ನ ಮಗ ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಲ್ಲಬೇಕೇ?’ ಎಂದು ಒಬ್ಬ ತಂದೆ ಕೇಳಿದ್ದಾರೆ. ಪತ್ರ ಪೂರ್ತಿ ಓದಿದ ಮೇಲೆ ಗೊತ್ತಾದದ್ದು, ಪಿಎಚ್.ಡಿ. ಅಂದರೆ ವರ್ಷಾ ವರ್ಷ ತಾವೇ ಫೀಸು ಕಟ್ಟಿ ಓದಿಸಬೇಕಾದ ಇನ್ನೊಂದು ಡಿಗ್ರಿ ಎಂದು ಅವರ ಎಣಿಕೆ. ಅವರೊಬ್ಬರದೇ ಅಲ್ಲ, ನಮ್ಮ ಕಡೆಯ ಬಹುಪಾಲು ಅಪ್ಪ ಅಮ್ಮಂದಿರ ಎಣಿಕೆಯೂ ಅದೇ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಸಿಎಸ್‌ಐಆರ್ ಅಥವಾ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗೆದ್ದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಆರಂಭದ ದರ 2014ರಲ್ಲಿ 25,000 ಇತ್ತು, 2019ರಲ್ಲಿ 31,000 ಆಯಿತು. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಫೆಲೋಶಿಪ್ ಗಿಟ್ಟಿಸಿದ ಕೆಲವರಿಗೆ 70,000ದಿಂದ ಆರಂಭ. ಸರ್ಕಾರಿ ಸಂಸ್ಥೆಗಳಿಗೆ ಕಟ್ಟಬೇಕಾದ ಫೀಸು ಇದರಲ್ಲಿ ಸಣ್ಣ ಪಾಲು.

‘ಸಾಫ್ಟ್‌ವೇರಿನವನಿಗೆ ಇದರ ಮೂರು ಪಟ್ಟು’ ಎಂದು ಅದೇ ತಂದೆ ಮತ್ತೆ ಬರೆಯಬಹುದು. ಇರಬಹುದು. ಆದರೆ ನಮ್ಮ ಕಾಲೇಜಿನಿಂದ ಭೌತಶಾಸ್ತ್ರ ಓದಿ ಹೊರಬಿದ್ದ ಹುಡುಗನ ಮುಂದೆ ನಿಜವಾಗಿ ಇರುವ ದಾರಿಗಳು ಯಾವುವು? ಖಾಸಗಿ ಪಿಯು ಕಾಲೇಜಿನಲ್ಲಿ ಸಿಇಟಿ ಕೋಚಿಂಗ್, ಸಂಜೆಗೆ ಟ್ಯೂಷನ್, ಅಥವಾ ಬ್ಯಾಂಕು, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ವರ್ಷಗಟ್ಟಲೆ ತಯಾರಿ. ಆ ತಯಾರಿಯ ವರ್ಷಗಳನ್ನು ಯಾರೂ ‘ದಂಡ’ ಅನ್ನುವುದಿಲ್ಲ, ಅದಕ್ಕೆ ಯಾರೂ ತಿಂಗಳಿಗೆ 37,000 ಕೊಡುವುದೂ ಇಲ್ಲ. ಹೋಲಿಸುವುದಾದರೆ ಅದರ ಜೊತೆ ಹೋಲಿಸಿ.

ಇಲ್ಲಿ ಎರಡು ಮಾತು ಒಪ್ಪಿಕೊಳ್ಳಬೇಕು. ಫೆಲೋಶಿಪ್ ದುಡ್ಡು ತಿಂಗಳು ತಿಂಗಳಿಗೆ ಸರಿಯಾಗಿ ಬರುವುದಿಲ್ಲ; ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬಂದು ಬೀಳುವವರೆಗೆ ಗೆಳೆಯರ ಸಾಲದಲ್ಲಿ ಬದುಕುವುದು ಮಾಮೂಲು. 2019ರ ಏರಿಕೆ ಕೂಡ ಸುಮ್ಮನೆ ಬಂದದ್ದಲ್ಲ, ದೇಶದ ತುಂಬ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ಬಂದದ್ದು. ಇನ್ನೊಂದು, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯಾವ ಫೆಲೋಶಿಪ್ಪೂ ಇಲ್ಲದೆ ನೋಂದಾಯಿಸಿಕೊಂಡು, ಎಲ್ಲೋ ಪಾಠ ಮಾಡುತ್ತ, ಕೈಯಿಂದ ಖರ್ಚು ಹಾಕುತ್ತ ಇರುವವರು ಬಹಳ ಜನ. ಅವರ ಕಷ್ಟ ನೋಡಿ ಬರೆದವರ ಸಿಟ್ಟು ನ್ಯಾಯವಾದದ್ದೇ. ನಾನು ಹೇಳುವುದು ಇಷ್ಟು: ಮನೆಯಲ್ಲಿ ಆಸ್ತಿ ಇಲ್ಲದವರು ಫೆಲೋಶಿಪ್ ಕೈಗೆ ಬಾರದೆ ಸೇರಬೇಡಿ. ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಿರಿ.

ಎರಡನೆಯ ಆಕ್ಷೇಪ ಕೆಲಸದ್ದು. ‘ಡಾಕ್ಟರೇಟ್ ಪಡೆದು ಅತಿಥಿ ಉಪನ್ಯಾಸಕರಾಗಿ ಕೊಳೆಯುತ್ತಿರುವ ನಮ್ಮನ್ನು ನೋಡಿಯೂ ಹೀಗೆ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?’ ಬರೆದವರು ನನ್ನ ಪಕ್ಕದ ಜಿಲ್ಲೆಯ ಸಹೋದ್ಯೋಗಿ. ಅವರ ಮಾತಿನ ಒಂದು ಅಕ್ಷರವನ್ನೂ ಅಲ್ಲಗಳೆಯಲಾರೆ. ಕಾಯಂ ಹುದ್ದೆಗಳು ಕಡಿಮೆ, ನೇಮಕಾತಿ ಯಾವಾಗಲೋ ಒಮ್ಮೆ, ಅದೂ ಕೋರ್ಟು ಹತ್ತಿ ಇಳಿದ ಮೇಲೆ. ಮೇಲಾಗಿ 2023ರಲ್ಲಿ ಯುಜಿಸಿ ನಿಯಮ ತಿದ್ದಿ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಪಾಸಾಗಿದ್ದರೆ ಸಾಕು, ಪಿಎಚ್.ಡಿ. ಕಡ್ಡಾಯವಲ್ಲ ಎಂದಿದೆ. ಅಂದರೆ ಉಪನ್ಯಾಸಕ ಕೆಲಸವೊಂದೇ ಗುರಿಯಾಗಿದ್ದರೆ ಈ ಐದಾರು ವರ್ಷ ಕಳೆಯುವ ಅಗತ್ಯವೇ ಇಲ್ಲ. ನಮ್ಮ ಜನ ಪಿಎಚ್.ಡಿ.ಯನ್ನು ಬಡ್ತಿಯ ಮೆಟ್ಟಿಲು ಮಾಡಿಕೊಂಡದ್ದರಿಂದಲೇ ಕೆಲಸಕ್ಕೆ ಬಾರದ ಪ್ರಬಂಧಗಳ ರಾಶಿ ಬಿದ್ದದ್ದು. ಆ ಕಾರಣಕ್ಕೆ ಸೇರುವವರು ಕಡಿಮೆಯಾದರೆ ನಷ್ಟವಿಲ್ಲ.

ಹಾಗಾದರೆ ಯಾವ ಕೆಲಸಕ್ಕೆ? ವಿಜ್ಞಾನದವರಾದರೆ ಬೆಂಗಳೂರಿನಲ್ಲಿದ್ದುಕೊಂಡು ಈ ಪ್ರಶ್ನೆ ಕೇಳುವುದು ಸೋಜಿಗ. ಇಸ್ರೋ, ಡಿಆರ್‌ಡಿಒ ಪ್ರಯೋಗಾಲಯಗಳು, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಮೈಸೂರಿನ ಸಿಎಫ್‌ಟಿಆರ್‌ಐ, ಚಿಪ್ ವಿನ್ಯಾಸದ ಕಂಪನಿಗಳು, ಔಷಧ ಕಂಪನಿಗಳ ಸಂಶೋಧನಾ ವಿಭಾಗಗಳು ಕೇಳುವ ಕೈಗಳು ಇಂಥವೇ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದವರಿಗೆ ಇಷ್ಟು ದಾರಿಗಳಿಲ್ಲ. ಅವರು ಇದನ್ನು ತಿಳಿದೇ ಬರಬೇಕು, ನಾವು ಮುಚ್ಚಿಡದೆ ಹೇಳಬೇಕು.

ಮೂರನೆಯದು ಒಬ್ಬ ನಿವೃತ್ತ ಹೆಡ್‌ಮಾಸ್ತರರದು. ಎಲ್ಲ ಪತ್ರಗಳ ಪೈಕಿ ನನಗೆ ಹಿಡಿಸಿದ್ದು ಇದೇ. ‘ರಾಮಾನುಜನ್ ಯಾವ ಪಿಎಚ್.ಡಿ. ಮಾಡಿದ್ದರು? ಮಂಜೇಶ್ವರದ ಗೋವಿಂದ ಪೈಗಳು? ಶಂಬಾ ಜೋಶಿಯವರು? ವಿದ್ಯೆ ಇದ್ದವನಿಗೆ ವಿಶ್ವವಿದ್ಯಾಲಯದ ಹಂಗೇಕೆ?’

ಒಬ್ಬೊಬ್ಬರನ್ನೇ ನೋಡೋಣ. ರಾಮಾನುಜನ್ ಕಾಲೇಜಿನಲ್ಲಿ ಫೇಲಾದವರು, ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ. ಅಲ್ಲಿಯವರೆಗೆ ಕತೆ ಎಲ್ಲರಿಗೂ ಗೊತ್ತು. ಆಮೇಲಿನದನ್ನು ಭಾಷಣಗಳಲ್ಲಿ ಹೇಳುವುದು ಕಡಿಮೆ. 1913ರಲ್ಲಿ ಮದರಾಸು ವಿಶ್ವವಿದ್ಯಾಲಯ ಅವರಿಗೆ ತಿಂಗಳಿಗೆ 75 ರೂಪಾಯಿಯಂತೆ ಎರಡು ವರ್ಷದ ಸಂಶೋಧನಾ ವಿದ್ಯಾರ್ಥಿವೇತನ ಕೊಟ್ಟಿತು. ಪದವಿಯೇ ಇಲ್ಲದವನಿಗೆ ಹೇಗೆ ಕೊಡುವುದು ಎಂಬ ತಕರಾರನ್ನು ದಾಟಿ ಕೊಟ್ಟಿತು. ಗುಮಾಸ್ತಿಕೆ ಬಿಟ್ಟು ಹಗಲು ಪೂರ್ತಿ ಗಣಿತ ಮಾಡಲು ಅವರಿಗೆ ಬಿಡುವು ಸಿಕ್ಕಿದ್ದು ಆಗ. ಮೂರು ತಿಂಗಳಿಗೊಮ್ಮೆ ಮಾಡಿದ ಕೆಲಸದ ವರದಿ ಒಪ್ಪಿಸಬೇಕಾಗಿತ್ತು, ಇವತ್ತಿನ ಹುಡುಗರು ಒಪ್ಪಿಸುವ ಹಾಗೆಯೇ. ಮರುವರ್ಷ ಕೇಂಬ್ರಿಡ್ಜಿಗೆ ಹೋದರು, 1916ರಲ್ಲಿ ಸಂಶೋಧನೆಯ ಆಧಾರದ ಮೇಲೇ ಅವರಿಗೆ ಅಲ್ಲಿನ ಬಿ.ಎ. ಪದವಿ ಬಂತು. ಪಿಎಚ್.ಡಿ. ಎಂಬ ಹೆಸರು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಹೆಡ್‌ಮಾಸ್ತರರು ನನ್ನ ವಿರುದ್ಧ ಕರೆದ ಸಾಕ್ಷಿ ನನ್ನ ಪರವಾಗಿಯೇ ನುಡಿಯುತ್ತಿದ್ದಾರೆ.

ಗೋವಿಂದ ಪೈಗಳಿಗೆ ಯಾರ ಫೆಲೋಶಿಪ್ಪೂ ಬೇಕಿರಲಿಲ್ಲ. ಅನುಕೂಲಸ್ಥ ಮನೆತನ, ಹತ್ತಾರು ಭಾಷೆಗಳ ಪುಸ್ತಕ ತರಿಸಿಕೊಂಡು ಮನೆಯಲ್ಲೇ ಗ್ರಂಥಾಲಯ ಕಟ್ಟುವಷ್ಟು ಶಕ್ತಿ, ಸಂಬಳಕ್ಕಾಗಿ ಎಲ್ಲಿಗೂ ಹೋಗಬೇಕಿಲ್ಲದ ಬದುಕು. ಅವರ ವಿದ್ವತ್ತು ಅವರದೇ, ಅದಕ್ಕೆ ಬೇಕಾದ ಬಿಡುವು ಮಾತ್ರ ಆಸ್ತಿಯಿಂದ ಬಂದದ್ದು. ಶಂಬಾ ಅವರ ಮಾತು ಬೇರೆ. ಧಾರವಾಡದಲ್ಲಿ ಶಾಲಾ ಮಾಸ್ತರಿಕೆ ಮಾಡುತ್ತ, ಕಷ್ಟದಲ್ಲೇ ಬದುಕಿ ಅಷ್ಟು ಬರೆದರು. ಕೈ ಮುಗಿಯುತ್ತೇನೆ. ಆದರೆ ಆ ಕಷ್ಟವನ್ನು ಇನ್ನೊಬ್ಬರ ಮಗನಿಗೆ ಆದರ್ಶವೆಂದು ಶಿಫಾರಸು ಮಾಡುವ ಧೈರ್ಯ ನನಗಿಲ್ಲ, ಹೆಡ್‌ಮಾಸ್ತರರಿಗೆ ಇದ್ದರೆ ಇರಲಿ.

ನಾನು ಹಟ ಹಿಡಿದು ಹೇಳುತ್ತಿರುವುದು ಇದನ್ನೇ. ಒಂದು ಪ್ರಶ್ನೆ ಹಿಡಿದು ಐದು ವರ್ಷ ಕೂರುವುದಕ್ಕೆ ಹಿಂದೆ ಜಮೀನು ಬೇಕಿತ್ತು, ಮಠದ ಆಶ್ರಯ ಬೇಕಿತ್ತು, ಇಲ್ಲವೇ ಅರಸರ ಕೃಪೆ ಬೇಕಿತ್ತು. ಈ ಮೂರೂ ಇಲ್ಲದವನ ಮಗಳು ಇವತ್ತು ಒಂದು ಪರೀಕ್ಷೆ ಪಾಸು ಮಾಡಿ, ಒಂದು ಸಂದರ್ಶನ ಮುಗಿಸಿ ಆ ಐದು ವರ್ಷವನ್ನು ಸಂಬಳದ ಸಮೇತ ಪಡೆಯಬಹುದು. ಸಂಶೋಧನಾ ವಿಶ್ವವಿದ್ಯಾಲಯ ಬಿಟ್ಟರೆ ಇಂಥ ಏರ್ಪಾಡು ನಮ್ಮ ದೇಶದಲ್ಲಿ ಇನ್ನೆಲ್ಲೂ ಇಲ್ಲ. ಅನುಕೂಲಸ್ಥರ ಮಕ್ಕಳು ಹೋಗದಿದ್ದರೆ ಅವರಿಗೆ ಬೇರೆ ದಾರಿಗಳಿವೆ. ‘ನಮ್ಮಂಥವರಿಗಲ್ಲ’ ಎಂದು ನಮ್ಮ ಹುಡುಗರು ಹಿಂದೆ ಸರಿದಾಗ ಹೊಟ್ಟೆ ಉರಿಯುತ್ತದೆ.

ಹೆಣ್ಣುಮಕ್ಕಳ ವಿಷಯ ಬರೆದವರು ಮೂರ್ನಾಲ್ಕು ಜನ, ಹೇಳಿದ್ದು ಒಂದೇ: ವಯಸ್ಸು ಮೀರುತ್ತದೆ, ಅವಳಿಗಿಂತ ಹೆಚ್ಚು ಓದಿದ ಗಂಡು ಎಲ್ಲಿ ಸಿಗಬೇಕು? ಕಡಿಮೆ ಓದಿದ ಒಳ್ಳೆಯ ಗಂಡು ಸಿಕ್ಕರೆ ಆಗದೇ ಎಂದು ಕೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಮಾತಿಗೆ ಇದೇ ಬೆಂಗಳೂರಿನಲ್ಲಿ ಹಳೆಯ ಚರಿತ್ರೆಯಿದೆ. 1933ರಲ್ಲಿ ಕಮಲಾ ಸೊಹೊನಿ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ಬೇಡವೆಂದವರು ಸಾಕ್ಷಾತ್ ಸಿ.ವಿ. ರಾಮನ್. ಆಕೆ ಜಗ್ಗಲಿಲ್ಲ. ಮೊದಲ ವರ್ಷ ಪರೀಕ್ಷಾರ್ಥ ಎಂಬ ಷರತ್ತಿಗೆ ಒಪ್ಪಿ ಒಳಗೆ ಹೋದರು, ಮುಂದೆ 1939ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದರು. ಅದೇ ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದ ಅನ್ನಾ ಮಣಿ ಐದು ಸಂಶೋಧನಾ ಲೇಖನ ಬರೆದು ಪ್ರಬಂಧ ಒಪ್ಪಿಸಿದರೂ, ಎಂ.ಎಸ್ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಈಗ ನಿಯಮಗಳಾದರೂ ಬದಲಾಗಿವೆ: 2022ರ ಯುಜಿಸಿ ನಿಯಮದ ಪ್ರಕಾರ ಸಂಶೋಧನಾ ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಇದೆ, ಮುಗಿಸುವ ಅವಧಿಗೆ ಎರಡು ವರ್ಷದ ಹೆಚ್ಚುವರಿ ರಿಯಾಯಿತಿ ಇದೆ. ಕಂಪನಿಯ ರಾತ್ರಿ ಪಾಳಿಗೆ ಮಗಳನ್ನು ಕಳಿಸಿಕೊಡುವ ಮನೆಗಳು ಪ್ರಯೋಗಾಲಯದಿಂದ ತಡವಾಗಿ ಬಂದರೆ ಬೇಸರಿಸಿಕೊಳ್ಳುವುದು ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

‘ವಿದೇಶಕ್ಕೇ ಹೋಗಲಿ, ಇಲ್ಲೇನಿದೆ’ ಎಂದವರಿಗೆ: ಹೋಗಲಿ, ಯಾರು ತಡೆದರು? ಸಿ.ಎನ್.ಆರ್. ರಾವ್ ಅಮೆರಿಕದ ಪರ್ಡ್ಯೂನಲ್ಲಿ 1958ರಲ್ಲಿ ಪಿಎಚ್.ಡಿ. ಮುಗಿಸಿ ಮರುವರ್ಷವೇ ಬೆಂಗಳೂರಿಗೆ ಬಂದರು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ಮೇಲೆ ಪ್ರಬಂಧ ಬರೆಯಲು ಹೋಗಿ, ಅಲ್ಲಿ ಕೂತು ಕನ್ನಡದಲ್ಲಿ ‘ಸಂಸ್ಕಾರ’ವನ್ನೂ ಬರೆದರು. ಅಲ್ಲಿಯೂ ಫೆಲೋಶಿಪ್ ಸಹಿತವಾದ ಪಿಎಚ್.ಡಿ.ಗೆ ಹೋಗಿ, ಮನೆ ಅಡವಿಟ್ಟು ಮಾಸ್ಟರ್ಸ್ ಓದಲು ಮಾತ್ರ ಹೋಗಬೇಡಿ ಎಂಬುದಷ್ಟೇ ನನ್ನ ಮಾತು.

ಇನ್ನೊಂದು ಆಕ್ಷೇಪ ತೆರಿಗೆದಾರರದು. ‘ಯಾರೂ ಓದದ ಪ್ರಬಂಧಕ್ಕೆ ನಮ್ಮ ತೆರಿಗೆ ಹಣ ಏಕೆ?’ ನಮ್ಮ ತಾಯಂದಿರ ಅಡಿಗೆಮನೆಯಿಂದಲೇ ಉತ್ತರ ಶುರು ಮಾಡಬಹುದು. 1974ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಅಲ್ಲಿನವರು ಕುಣಿಗಲ್ ಕಡೆಯ ಹಳ್ಳಿಗಳಿಗೆ ಹೋಗಿ, ಯಾವ ಮನೆಗೆ ಎಷ್ಟು ಸೌದೆ ಬೇಕು, ಅದನ್ನು ಹೊತ್ತು ತರುವವರು ಯಾರು, ಎಷ್ಟು ಹೊತ್ತು ಹಿಡಿಯುತ್ತದೆ ಎಂದೆಲ್ಲ ಅಳೆದರು. ಹೊಗೆ ಕೊಳವೆಯ, ಸೌದೆ ಉಳಿಸುವ ಅಸ್ತ್ರ ಒಲೆ ರಾಜ್ಯದ ಮನೆ ಮನೆಗೆ ಬಂದದ್ದು ಅಂಥ ಕೆಲಸದಿಂದ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೂಲತಃ ಮೈಸೂರು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪಿಎಚ್.ಡಿ. ಪ್ರಬಂಧ. ಅದನ್ನು ಬಿಟ್ಟು ಕನ್ನಡ ನಾಡಿನ ಚರಿತ್ರೆಯ ಬಗ್ಗೆ ಯಾರಾದರೂ ಗಂಭೀರವಾಗಿ ಬರೆದದ್ದನ್ನು ತೋರಿಸಿ.

ಲಾಭವೇ ಕಾಣದ ಕೆಲಸವೂ ಇದೆ, ಅದನ್ನೂ ಸಮರ್ಥಿಸುತ್ತೇನೆ. ರಾಘವೇಂದ್ರ ಗದಗಕರ್ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ್ದು ಅಣುಜೀವವಿಜ್ಞಾನದಲ್ಲಿ, ಬದುಕು ಸವೆಸಿದ್ದು ಕಡಜದ ಗೂಡುಗಳ ಮುಂದೆ. ಕಡಜಗಳ ಮೈಮೇಲೆ ಬಣ್ಣದ ಚುಕ್ಕಿ ಇಟ್ಟು ಒಂದೊಂದನ್ನೂ ಗುರುತು ಹಿಡಿದು, ಯಾವುದು ಏನು ಮಾಡುತ್ತದೆ ಎಂದು ಬರೆದುಕೊಳ್ಳುವ ಕೆಲಸ. ಅವರ ಗುಂಪು ಕಂಡುಕೊಂಡ ಸಂಗತಿಗಳಲ್ಲಿ ಒಂದು: ರಾಣಿ ಹೋದರೆ ಮುಂದಿನ ರಾಣಿ ಯಾರೆಂದು ನೋಡುವ ನಮಗೆ ಮೊದಲೇ ಗೊತ್ತಾಗುವುದಿಲ್ಲ, ಕಡಜಗಳಿಗೆ ಮಾತ್ರ ಗೊತ್ತಿರುವಂತಿದೆ. ಇದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ, ಒಪ್ಪಿದೆ. ನನ್ನ ತೆರಿಗೆಯಲ್ಲಿ ಒಂದು ಪಾಲು ಇಂಥದ್ದಕ್ಕೆ ಹೋದರೆ ನನಗೆ ಸಂತೋಷ.

ಕದ್ದ ಪ್ರಬಂಧ, ದುಡ್ಡು ಕೊಟ್ಟು ಬರೆಸಿದ ಪ್ರಬಂಧ ಇಲ್ಲವೇ ಎಂದರೆ, ಇವೆ. 2018ರ ಯುಜಿಸಿ ನಿಯಮದಲ್ಲಿ ಪ್ರಬಂಧದ ಶೇ. 60ಕ್ಕಿಂತ ಹೆಚ್ಚು ಭಾಗ ನಕಲಾಗಿದ್ದರೆ ನೋಂದಣಿಯೇ ರದ್ದು. ನಿಯಮ ಇದ್ದೂ ಪಾರಾಗುವವರು ಇದ್ದಾರೆ. ಕಳ್ಳನೋಟು ಇದೆಯೆಂದು ಯಾರೂ ನೋಟು ಬಳಸುವುದನ್ನು ಬಿಟ್ಟಿಲ್ಲವಲ್ಲ.

ಕೊನೆಯ ಆಕ್ಷೇಪ ಬಂದದ್ದು ಪಿಎಚ್.ಡಿ.ಯನ್ನು ಅರ್ಧಕ್ಕೇ ಬಿಟ್ಟ ಒಬ್ಬ ಹೆಣ್ಣುಮಗಳಿಂದ. ಹೆಸರು ಬೇಡವೆಂದು ಕೇಳಿಕೊಂಡಿದ್ದಾಳೆ. ‘ಎಲ್ಲ ಸರಿ ಸರ್, ಗೈಡ್ ಬಗ್ಗೆ ನೀವು ಒಂದು ಮಾತೂ ಬರೆಯಲಿಲ್ಲ.’ ತರಕಾರಿ ತಂದುಕೊಡುವುದು, ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಗೈಡಿನ ಹೆಸರಿನಲ್ಲಿ ಲೇಖನ ಬರೆದುಕೊಡುವುದು, ಸಹಿಗಾಗಿ ತಿಂಗಳುಗಟ್ಟಲೆ ಬಾಗಿಲು ಕಾಯುವುದು. ಇದಕ್ಕಿಂತ ಕೆಟ್ಟದ್ದೂ ಆಕೆಯ ಪತ್ರದಲ್ಲಿದೆ. ವಿದ್ಯಾರ್ಥಿಯ ಹಣೆಬರಹವೆಲ್ಲ ಒಬ್ಬರ ಒಂದು ಸಹಿಯಲ್ಲಿ ಇರುವ ಏರ್ಪಾಡು ಇದು. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಸೇರಬೇಕೆಂಬ ನಿಯಮವಿದೆ, ಆದರೆ ಆ ಸಮಿತಿಯನ್ನು ಕರೆಯುವವರು ಬಹುತೇಕ ಅದೇ ಗೈಡ್.

ಇದಕ್ಕೆ ನನ್ನ ಬಳಿ ಖಂಡನೆಯಿಲ್ಲ, ಒಂದೆರಡು ಎಚ್ಚರಿಕೆಗಳಿವೆ. ಸೇರುವ ಮೊದಲು ಶೋಧಗಂಗಾ ಜಾಲತಾಣದಲ್ಲಿ ಆ ಗೈಡಿನ ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ತೆರೆದು ನೋಡಿ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಮೊದಲ ಪುಟಗಳಲ್ಲಿ ದಿನಾಂಕಗಳಿರುತ್ತವೆ, ಕೃತಜ್ಞತೆಯ ಪುಟದಲ್ಲಿ ಬೇರೆ ಎಷ್ಟೋ ವಿಷಯಗಳಿರುತ್ತವೆ. ಆಮೇಲೆ ಮೆಸ್ಸಿಗೆ ಹೋಗಿ ಸೀನಿಯರುಗಳ ಜೊತೆ ಊಟಕ್ಕೆ ಕೂತು ಕೇಳಿ: ಇವರ ಬಳಿ ಎಷ್ಟು ಜನ ಮುಗಿಸಿದರು, ಎಷ್ಟು ಜನ ಬಿಟ್ಟರು, ಬಿಟ್ಟವರು ಈಗ ಎಲ್ಲಿದ್ದಾರೆ?

ಆದರೆ ಇದು ಹುಡುಗರು ಗುಟ್ಟಾಗಿ ಕೇಳಿ ತಿಳಿಯಬೇಕಾದ ಸಂಗತಿಯೇ ಅಲ್ಲ. ಪ್ರತಿ ವಿಭಾಗವೂ ಪ್ರವೇಶದ ಪ್ರಕಟಣೆಯ ಜೊತೆಗೇ, ಯಾವ ಮಾರ್ಗದರ್ಶಕರ ಬಳಿ ಎಷ್ಟು ಜನ ಸೇರಿದರು, ಎಷ್ಟು ವರ್ಷಕ್ಕೆ ಮುಗಿಸಿದರು, ಎಷ್ಟು ಜನ ಹೊರನಡೆದರು ಎಂಬ ಪಟ್ಟಿ ಹಾಕಬೇಕು. ಖಾಲಿ ಸೀಟು ಎಷ್ಟು, ಮೀಸಲು ಎಷ್ಟು ಎಂದು ಹಾಕುವವರಿಗೆ ಇದೊಂದು ಹೆಚ್ಚಿನ ಹಾಳೆ, ಅಷ್ಟೆ. ಆ ಪಟ್ಟಿ ಬರುವವರೆಗೆ ಈ ಹೆಣ್ಣುಮಗಳ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಪಟ್ಟಿ ಹಾಕಿ ಎಂದು ಕೇಳಿ ವಿಶ್ವವಿದ್ಯಾಲಯಗಳಿಗೆ ಬರೆಯುವುದಾದರೆ, ನನ್ನನ್ನು ಬೈದ ಎಲ್ಲರ ಸಹಿಯ ಜೊತೆ ನನ್ನದೂ ಇರಲಿ.