ಮೊದಲ ರೈಡರ್ ಯಾರು? ಲೆಕ್ಕ ಹಾಕಿ ನೋಡೋಣ

ಪ್ರೊ ಕಬಡ್ಡಿಯ ಹೊಸ ಆವೃತ್ತಿ ಹತ್ತಿರ ಬಂತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರ ನೋಟ್‌ಬುಕ್ಕಿನ ಕೊನೆಯ ಹಾಳೆಗಳು ತುಂಬತೊಡಗುತ್ತವೆ. ಅಲ್ಲಿ ಬೀಜಗಣಿತವಿರುವುದಿಲ್ಲ, ರೈಡರ್‌ಗಳ ಹೆಸರುಗಳಿರುತ್ತವೆ. ನಾಲ್ಕೈದು ಜನ ಗೆಳೆಯರು ಕುಳಿತು ಪಾಳಿಯ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತಾರೆ. ಒಬ್ಬ ಆರಿಸಿದವನನ್ನು ಇನ್ನೊಬ್ಬ ಆರಿಸುವಂತಿಲ್ಲ. ಆಮೇಲೆ ನಿಜವಾದ ಪಂದ್ಯಗಳಲ್ಲಿ ಆ ಆಟಗಾರರು ಗಳಿಸುವ ಅಂಕಗಳೇ ಕಾಗದದ ಮೇಲಿನ ಈ ತಂಡಗಳ ಅಂಕಗಳು.

ಈ ಬಗೆಯ ಆಟ ಅಮೆರಿಕದಲ್ಲಿ ಬಹಳ ಹಳೆಯದು. 1962ರಲ್ಲಿ ಓಕ್ಲೆಂಡ್ ನಗರದ ಬಿಲ್ ವಿಂಕೆನ್‌ಬಾಕ್ ಎಂಬವರು ತಮ್ಮ ಗೆಳೆಯರೊಡನೆ ಅಲ್ಲಿನ ಫುಟ್‌ಬಾಲಿಗೆ ಇಂಥದೊಂದು ಆಟವನ್ನು ಕಟ್ಟಿದರು. ಮುಂದೆ ಓಡಿಹೋಗಿ ದೂರದ ಎಸೆತವನ್ನು ಹಿಡಿಯುವ ಆಟಗಾರನನ್ನು ಅವರು ವೈಡ್ ರಿಸೀವರ್ ಎನ್ನುತ್ತಾರೆ. ಯಾವ ರಿಸೀವರ್ ಮೊದಲು, ಯಾರು ಎರಡನೆಯವರು ಎಂದು ಪಟ್ಟಿ ಮಾಡುವುದು ಅಲ್ಲಿ ದೊಡ್ಡ ಚರ್ಚೆಯ ವಿಷಯ. ಎದುರಾಳಿಯ ಅಂಕಣಕ್ಕೆ ಒಂಟಿಯಾಗಿ ನುಗ್ಗಿ ಅಂಕ ತರುವ ನಮ್ಮ ರೈಡರ್ ಅವನಿಗೆ ಹತ್ತಿರದ ನೆಂಟ. ಹಾಗಾದರೆ ರೈಡರ್‌ಗಳ ಪಟ್ಟಿಯನ್ನು ಮಾಡುವುದು ಹೇಗೆ? ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಅಳತೆ ವಿಜ್ಞಾನದ ಮೊದಲ ಪಾಠವಾದ್ದರಿಂದ ಈ ವಾರ ಇದನ್ನೇ ನೋಡೋಣ.

ಮೊದಲನೆಯ ಹೆಜ್ಜೆ, ಮೊತ್ತ ಮತ್ತು ಸರಾಸರಿಯ ವ್ಯತ್ಯಾಸ. ಪಟ್ನಾ ಪೈರೇಟ್ಸ್‌ನ ಪರದೀಪ್ ನರ್ವಾಲ್ 2017ರ ಆವೃತ್ತಿಯಲ್ಲಿ 369 ರೈಡ್ ಅಂಕ ಗಳಿಸಿದರು. ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ 2019ರಲ್ಲಿ 346 ಗಳಿಸಿದರು. ಮೊತ್ತ ನೋಡಿದರೆ ಪರದೀಪ್ ಮುಂದೆ. ಆದರೆ ಪರದೀಪ್ ಆಡಿದ್ದು 26 ಪಂದ್ಯ, ಪವನ್ ಆಡಿದ್ದು 24. ಭಾಗಿಸಿ ನೋಡಿ: ಪರದೀಪ್‌ಗೆ ಪಂದ್ಯವೊಂದಕ್ಕೆ 14.2, ಪವನ್‌ಗೆ 14.4. ಸರಾಸರಿ ನೋಡಿದರೆ ಪವನ್ ಮುಂದೆ! ಇಬ್ಬರಲ್ಲಿ ಯಾರು ಮೇಲು ಎಂದು ಕೇಳುವ ಮೊದಲು ಯಾವ ಅಳತೆಗೋಲಿನಿಂದ ಎಂದು ಕೇಳಬೇಕು. ಅಷ್ಟೇ ಅಲ್ಲ, 14.2ಕ್ಕೂ 14.4ಕ್ಕೂ ಇರುವ ಅಂತರ ಎಷ್ಟು ಸಣ್ಣದೆಂದರೆ ಒಂದೇ ಒಂದು ಪಂದ್ಯ ಬೇರೆ ರೀತಿ ನಡೆದಿದ್ದರೂ ಕ್ರಮ ತಿರುಗುಮುರುಗಾಗುತ್ತಿತ್ತು. ಇಂಥಲ್ಲಿ ಇಬ್ಬರನ್ನೂ ಒಂದೇ ಮೆಟ್ಟಿಲಿನಲ್ಲಿ ನಿಲ್ಲಿಸುವುದೇ ಪ್ರಾಮಾಣಿಕ ಲೆಕ್ಕ.

ಎರಡನೆಯದು, ಅವಕಾಶ. ಒಬ್ಬ ರೈಡರ್ ಪಂದ್ಯಕ್ಕೆ 18 ಬಾರಿ ದಾಳಿಗೆ ಹೋಗಿ 9 ಅಂಕ ತರುತ್ತಾನೆ ಎನ್ನೋಣ. ಇನ್ನೊಬ್ಬ 6 ಬಾರಿ ಹೋಗಿ 4 ಅಂಕ ತರುತ್ತಾನೆ. ಎರಡನೆಯವನ ದಕ್ಷತೆ ಹೆಚ್ಚು, ಆದರೆ ನಿಮ್ಮ ಕಾಗದದ ತಂಡಕ್ಕೆ ಅಂಕ ತರುವವನು ಮೊದಲನೆಯವನೇ. ಎರಡನೆಯವನನ್ನೂ 18 ಬಾರಿ ಕಳಿಸಿದರೆ 12 ಅಂಕ ಬರುತ್ತದೆಂದು ತ್ರೈರಾಶಿ ಹಾಕಬೇಡಿ. ಅವನು ಈಗ ಹೋಗುತ್ತಿರುವುದು ಅನುಕೂಲದ ಸಮಯದಲ್ಲಿ ಮಾತ್ರ. ಹೆಚ್ಚು ಬಾರಿ ಹೋದರೆ ದಣಿವಾಗುತ್ತದೆ, ಎದುರಾಳಿ ಕ್ಯಾಚರ್‌ಗಳು ಅವನ ಹೆಜ್ಜೆಯನ್ನು ಕಲಿತುಬಿಡುತ್ತಾರೆ. ಆದರೂ ಹರಾಜಿನ ನಂತರ ಒಂದು ವಿಷಯ ಗಮನಿಸಿ. ಯಾವುದೋ ತಂಡದ ಮುಖ್ಯ ರೈಡರ್ ಬೇರೆ ತಂಡಕ್ಕೆ ಹೋದರೆ ಅಲ್ಲಿ ಎರಡನೆಯವನಾಗಿದ್ದವನಿಗೆ ದಾಳಿಗಳು ಹೆಚ್ಚುತ್ತವೆ. ಅಂಥವನನ್ನು ಹಳೆಯ ಅಂಕದಿಂದ ಮಾತ್ರ ಅಳೆದವರು ಅವನನ್ನು ಕೈಬಿಡುತ್ತಾರೆ.

ಮೂರನೆಯದು ಬಹಳ ಮುಖ್ಯ. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಪವನ್ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದರು. ಆ ಒಂದು ಪಂದ್ಯವನ್ನು ಮಾತ್ರ ನೋಡಿದವನು ಅವರಿಂದ ಪ್ರತಿ ಪಂದ್ಯಕ್ಕೂ 39 ನಿರೀಕ್ಷಿಸಿದರೆ ಹೇಗೆ? ಪ್ರಯೋಗಶಾಲೆಯಲ್ಲಿ ಲೋಲಕದ ಒಂದು ಆಂದೋಲನದ ಕಾಲವನ್ನು ಅಳೆಯುವಾಗ ನಾವು 20 ಆಂದೋಲನಗಳ ಕಾಲ ತೆಗೆದುಕೊಂಡು 20ರಿಂದ ಭಾಗಿಸುವುದು ಏಕೆ? ಒಂದೇ ಅಳತೆಯಲ್ಲಿ ಸ್ಟಾಪ್‌ವಾಚ್ ಒತ್ತುವ ಕೈಯ ತಪ್ಪು ಪೂರ್ತಿಯಾಗಿ ಸೇರುತ್ತದೆ, ಇಪ್ಪತ್ತರಲ್ಲಿ ಅದು ಹಂಚಿಹೋಗುತ್ತದೆ. ಭೀಮಸಮುದ್ರದ ಅಡಿಕೆ ವ್ಯಾಪಾರದಲ್ಲಿ ಪಳಗಿದವರು ಚೀಲದ ಬಾಯಲ್ಲಿರುವ ಅಡಿಕೆಯನ್ನಷ್ಟೇ ನೋಡಿ ದರ ಕಟ್ಟುವುದಿಲ್ಲ, ಒಳಗಿನಿಂದಲೂ ತೆಗೆದು ನೋಡುತ್ತಾರೆ. ತತ್ವ ಒಂದೇ.

ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಬಹಳ ಎತ್ತರದವರ ಮಕ್ಕಳು ಸಾಮಾನ್ಯವಾಗಿ ಎತ್ತರವೇ, ಆದರೆ ತಂದೆತಾಯಿಯಷ್ಟು ಅಲ್ಲ. ಅವರು ಸರಾಸರಿಯ ಕಡೆಗೆ ಸ್ವಲ್ಪ ಸರಿಯುತ್ತಾರೆ. ಆಟದಲ್ಲೂ ಹಾಗೆಯೇ. ಅಸಾಧಾರಣವಾಗಿ ಆಡಿದ ದಿನದಲ್ಲಿ ಸಾಮರ್ಥ್ಯವೂ ಇರುತ್ತದೆ, ಅದೃಷ್ಟವೂ ಇರುತ್ತದೆ. ಸಾಮರ್ಥ್ಯ ಮರುದಿನವೂ ಜೊತೆಗೆ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ.

ಇದನ್ನು ಲೆಕ್ಕಕ್ಕೆ ಇಳಿಸುವುದು ಸುಲಭ. ರೈಡರ್‌ಗಳ ಸಾಮಾನ್ಯ ಸರಾಸರಿ ಪಂದ್ಯಕ್ಕೆ 6 ಎಂದು ಇಟ್ಟುಕೊಳ್ಳಿ. ಪ್ರತಿಯೊಬ್ಬನ ಖಾತೆಗೂ ಇಂಥ ಐದು ಸಾಮಾನ್ಯ ಪಂದ್ಯಗಳನ್ನು, ಅಂದರೆ 30 ಅಂಕವನ್ನು ಸೇರಿಸಿ. ‘ಅ’ ಎಂಬ ಹೊಸಬ 3 ಪಂದ್ಯಗಳಲ್ಲಿ 36 ಅಂಕ ತಂದಿದ್ದಾನೆ, ಸರಾಸರಿ 12. ‘ಆ’ ಎಂಬ ಹಳಬ 20 ಪಂದ್ಯಗಳಲ್ಲಿ 180 ತಂದಿದ್ದಾನೆ, ಸರಾಸರಿ 9. ಈಗ ‘ಅ’ನ ಲೆಕ್ಕ 66 ಅಂಕ, 8 ಪಂದ್ಯ, ಅಂದರೆ 8.25. ‘ಆ’ನ ಲೆಕ್ಕ 210 ಅಂಕ, 25 ಪಂದ್ಯ, ಅಂದರೆ 8.4. ಮೂರು ಪಂದ್ಯದ ಮಿಂಚಿಗಿಂತ ಇಪ್ಪತ್ತು ಪಂದ್ಯದ ದುಡಿಮೆ ಕೂದಲೆಳೆಯಷ್ಟು ಮೇಲೆ ನಿಂತಿತು. ಐದೇ ಏಕೆ ಎಂದು ಕೇಳಬಹುದು. ಐದು ಎಂಬುದು ಇಲ್ಲಿ ನಾವು ಆರಿಸಿಕೊಂಡ ಸಂಖ್ಯೆ, ನೀವು ಮೂರನ್ನೋ ಎಂಟನ್ನೋ ಇಟ್ಟು ನೋಡಬಹುದು. ಎಲ್ಲರಿಗೂ ಒಂದೇ ಸಂಖ್ಯೆ ಇರಬೇಕು, ಅದನ್ನು ಮೊದಲೇ ಗೊತ್ತುಮಾಡಿರಬೇಕು ಎಂಬುದಷ್ಟೇ ನಿಯಮ. ಇಷ್ಟದ ಆಟಗಾರ ಮೇಲೆ ಬರಲೆಂದು ನಂತರ ಸಂಖ್ಯೆ ಬದಲಿಸಿದರೆ ಅದು ವಿಜ್ಞಾನವಲ್ಲ.

ನಾಲ್ಕನೆಯದು, ಪಾಳಿಯ ಲೆಕ್ಕ. ನಾಲ್ವರು ಗೆಳೆಯರು, ಒಬ್ಬೊಬ್ಬರಿಗೆ ಒಬ್ಬ ರೈಡರ್ ಮತ್ತು ಒಬ್ಬ ಕ್ಯಾಚರ್ ಬೇಕು. ಮೊದಲ ಸುತ್ತು 1, 2, 3, 4 ಎಂದು ಹೋದರೆ ಎರಡನೆಯ ಸುತ್ತು 4, 3, 2, 1 ಎಂದು ಹಿಂದಿರುಗುತ್ತದೆ. ಮೊದಲ ಪಾಳಿ ನಿಮ್ಮದಾದರೆ ನಿಮ್ಮ ಮುಂದಿನ ಪಾಳಿ ಎಂಟನೆಯದು. ಲಭ್ಯವಿರುವ ರೈಡರ್‌ಗಳ ನಿರೀಕ್ಷಿತ ಅಂಕ 10, 9.6, 9.3, 9.1 ಎನ್ನೋಣ, ಕ್ಯಾಚರ್‌ಗಳದು 4, 3.6, 2.2, 2. ನೀವು ಮೊದಲಿಗೆ 10ರ ರೈಡರ್‌ನನ್ನು ತೆಗೆದುಕೊಂಡರೆ ನಿಮ್ಮ ಪಾಳಿ ಮತ್ತೆ ಬರುವ ಹೊತ್ತಿಗೆ ಉಳಿಯುವುದು 2ರ ಕ್ಯಾಚರ್, ಒಟ್ಟು 12. ಬದಲಿಗೆ 4ರ ಕ್ಯಾಚರ್‌ನನ್ನು ಮೊದಲು ತೆಗೆದುಕೊಂಡರೆ ಕೊನೆಗೆ 9.1ರ ರೈಡರ್ ಉಳಿದಿರುತ್ತಾನೆ, ಒಟ್ಟು 13.1. ಪಟ್ಟಿಯಲ್ಲಿ ಅತಿ ಹೆಚ್ಚು ಅಂಕದವನೇ ಮೊದಲ ಆಯ್ಕೆ ಆಗಬೇಕಾಗಿಲ್ಲ. ಅವನನ್ನು ಬಿಟ್ಟರೆ ಮುಂದೆ ಸಿಗುವವನಿಗೂ ಅವನಿಗೂ ಎಷ್ಟು ಅಂತರ ಎಂಬುದೇ ಬೆಲೆ. ಸಂತೆಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ವಸ್ತುವನ್ನು ಮಧ್ಯಾಹ್ನ ಕೊಂಡರೂ ಆದೀತು, ಒಂದೇ ಅಂಗಡಿಯಲ್ಲಿರುವುದನ್ನು ಬೆಳಿಗ್ಗೆಯೇ ಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಪಟ್ಟಿ ಭವಿಷ್ಯವಾಣಿಯಲ್ಲ. 2022ರಲ್ಲಿ ತಮಿಳ್ ತಲೈವಾಸ್ ತಂಡ ಪವನ್‌ರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಇಡೀ ಆವೃತ್ತಿ ಹೊರಗುಳಿದರು. ಮುಂದಿನ ಆವೃತ್ತಿಗೆ ತೆಲುಗು ಟೈಟನ್ಸ್ ಅವರಿಗೆ 2.605 ಕೋಟಿ ಕೊಟ್ಟಿತು. ಅವರು 202 ರೈಡ್ ಅಂಕ ಗಳಿಸಿದರೂ ತಂಡ 22 ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು ಮಾತ್ರ. ಅದೇ ಆವೃತ್ತಿಯಲ್ಲಿ, 2024ರ ಮಾರ್ಚ್ 1ರಂದು ಪ್ರಶಸ್ತಿ ಗೆದ್ದದ್ದು ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತುಗೊಳಿಸಿದ ಪುಣೇರಿ ಪಲ್ಟನ್. ಇನ್ನು ದಾಖಲೆಗಳ ಸರದಾರ ಪರದೀಪ್‌ರನ್ನು 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಅವರು ಆಟದಿಂದ ನಿವೃತ್ತರಾದರು. ನಿನ್ನೆಯ ಅಂಕ ನಿನ್ನೆಯದೇ.

ಈಗ ಪೋಷಕರಿಗೆ ಎರಡು ಮಾತು. ಮಗ ಆಟಗಾರರ ಪಟ್ಟಿ ಬರೆಯುತ್ತಾ ಕುಳಿತಿದ್ದಾನೆಂದು ಗದರಬೇಡಿ. ಸರಾಸರಿ, ದಶಮಾಂಶ, ಸಂಭವನೀಯತೆ ಎಲ್ಲವೂ ಅಲ್ಲಿವೆ. ಆದರೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಇದಕ್ಕೆ ದುಡ್ಡು ಕಟ್ಟಿದ್ದೀಯಾ? ಕರ್ನಾಟಕ ಸರ್ಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. ನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ನೋಡದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಕಾನೂನು ಹಾಗಿರಲಿ, ಲೆಕ್ಕವನ್ನೇ ನೋಡಿ. ನೂರು ಜನ ತಲಾ 50 ರೂಪಾಯಿ ಹಾಕಿ, ಆಡಿಸುವವನು ತಲಾ 10 ರೂಪಾಯಿ ಇಟ್ಟುಕೊಂಡರೆ, 5000 ಹಾಕಿದವರ ನಡುವೆ ಹಂಚಲು ಉಳಿಯುವುದು 4000. ಯಾರು ಎಷ್ಟೇ ಜಾಣರಾಗಿರಲಿ, ಆ ನೂರು ಜನ ಒಟ್ಟಾಗಿ 1000 ರೂಪಾಯಿ ಸೋಲುವುದು ನಿಶ್ಚಿತ. ಕ್ರಿಕೆಟ್ ಬೆಟ್ಟಿಂಗಿನ ಸಾಲ 2024ರಲ್ಲಿ ನಮ್ಮ ಜಿಲ್ಲೆಯ ಒಂದು ಕುಟುಂಬವನ್ನು ಎಂಥ ದುಃಖಕ್ಕೆ ತಳ್ಳಿತೆಂಬುದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಕಾಗದ, ಪೆನ್ಸಿಲ್, ಗೆಳೆಯರು ಇದ್ದರೆ ಈ ಆಟಕ್ಕೆ ಸಾಕು. ಸೋತವನು ಗೆದ್ದವನಿಗೆ ಒಂದು ಕಡಲೆಮಿಠಾಯಿ ಕೊಡಿಸಲಿ.

ಎರಡನೆಯ ಮಾತು ಶ್ರೇಯಾಂಕದ ಬಗ್ಗೆ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಚಿತ್ರದುರ್ಗ ಶೇ 96.80ರೊಂದಿಗೆ ರಾಜ್ಯಕ್ಕೆ ಮೊದಲು ಬಂತು, ಮಂಡ್ಯ ಶೇ 96.74ರೊಂದಿಗೆ ಎರಡನೆಯದಾಯಿತು. ಅಂತರ ಶೇ 0.06, ಅಂದರೆ ಹತ್ತು ಸಾವಿರ ಮಕ್ಕಳಿಗೆ ಆರು ಮಕ್ಕಳು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು, ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆಯಿತು. ಆಗ ಉಡುಪಿ ಮೊದಲು ಬಂತು, ನಾವು ಮೊದಲ ಹತ್ತರಲ್ಲೂ ಇರಲಿಲ್ಲ. ಒಂದು ವರ್ಷದಲ್ಲಿ ಜಿಲ್ಲೆಯ ಮಕ್ಕಳ ಬುದ್ಧಿ ಕರಗಿಹೋಗುವುದಿಲ್ಲ. ಅಳತೆಯ ಸಂದರ್ಭ ಬದಲಾಗಿತ್ತು. ಜಿಲ್ಲೆಗೇ ಹೀಗಾದರೆ ಒಂದು ಮಗುವಿನ ಒಂದು ದಿನದ ಒಂದು ಪತ್ರಿಕೆಯ ಅಂಕಕ್ಕೆ ಎಷ್ಟು ತೂಕ ಕೊಡಬೇಕು, ಯೋಚಿಸಿ. ಪಕ್ಕದ ಮನೆಯ ಹುಡುಗಿಗೆ 91, ನಮ್ಮವಳಿಗೆ 88 ಎಂದು ಊಟದ ತಟ್ಟೆಯ ಮುಂದೆ ಹೇಳುವಾಗ ನಾವು ಮಾಡುತ್ತಿರುವುದು ಒಂದು ಪಂದ್ಯ ನೋಡಿ ರೈಡರ್‌ನ ಬೆಲೆ ಕಟ್ಟುವ ಕೆಲಸವನ್ನೇ. ಅವಕಾಶವೆಷ್ಟಿತ್ತು, ಎಷ್ಟು ಅಳತೆಗಳ ಸರಾಸರಿ, ಅಂತರ ನಿಜವಾದದ್ದೋ ಕೈತಪ್ಪಿನಷ್ಟೋ ಎಂದು ಆಟಗಾರನ ವಿಷಯದಲ್ಲಿ ಕೇಳಿದ ಪ್ರಶ್ನೆಗಳನ್ನು ನಮ್ಮ ಮಕ್ಕಳ ವಿಷಯದಲ್ಲೂ ಕೇಳೋಣ.

ಮಕ್ಕಳೇ, ಈ ವಾರದ ಕೆಲಸ ಇಷ್ಟು. ನಿಮ್ಮ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಆಡುವ ಕಬಡ್ಡಿಯಲ್ಲಿ ಆರು ರೈಡರ್‌ಗಳನ್ನು ಆರಿಸಿ. ಪ್ರತಿಯೊಬ್ಬರ ದಾಳಿಗಳ ಸಂಖ್ಯೆ ಮತ್ತು ತಂದ ಅಂಕವನ್ನು ಒಂದು ವಾರ ಬರೆದಿಡಿ. ಹುಡುಗಿಯರ ತಂಡವಿದ್ದರೆ ಅವರದನ್ನೂ ಬರೆಯಿರಿ. ಮೊದಲ ದಿನದ ಅಂಕದಿಂದ ಒಂದು ಪಟ್ಟಿ, ವಾರದ ಸರಾಸರಿಯಿಂದ ಒಂದು ಪಟ್ಟಿ, ಮೇಲೆ ಹೇಳಿದಂತೆ ಐದು ಸಾಮಾನ್ಯ ಪಂದ್ಯ ಸೇರಿಸಿ ಇನ್ನೊಂದು ಪಟ್ಟಿ ಮಾಡಿ. ಸಾಮಾನ್ಯ ಸರಾಸರಿಗೆ ಆ ಆರೂ ಜನರ ಒಟ್ಟು ಅಂಕವನ್ನು ಅವರು ಆಡಿದ ಒಟ್ಟು ಪಂದ್ಯಗಳಿಂದ ಭಾಗಿಸಿದರೆ ಸಾಕು. ಮೂರು ಪಟ್ಟಿಗಳನ್ನು ಮಡಿಸಿಟ್ಟು ಮುಂದಿನ ವಾರದ ಆಟ ನೋಡಿ, ಯಾವ ಪಟ್ಟಿ ಹೆಚ್ಚು ಸರಿಯಾಯಿತೆಂದು ಗುರುತಿಸಿ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.