ಬೋನಿಗೆ ಬಂದುದು ಯಾವುದು?

ಚಿರತೆ ಬೋನಿಗೆ ಬಿದ್ದಿತೆಂಬ ಸುದ್ದಿ ನಮ್ಮ ಜಿಲ್ಲೆಯ ಓದುಗರಿಗೆ ಹೊಸದಲ್ಲ. ತೋಟದ ಅಂಚಿನಲ್ಲಿ ಕಬ್ಬಿಣದ ಬೋನು, ಅದರ ಹಿಂಬದಿಯ ಕಿರುಕೋಣೆಯಲ್ಲಿ ಕಟ್ಟಿದ ಮೇಕೆ ಅಥವಾ ನಾಯಿ, ಬೆಳಗಾಗುವಷ್ಟರಲ್ಲಿ ಒಳಗೆ ಗುರುಗುಟ್ಟುವ ಪ್ರಾಣಿ, ಸುತ್ತ ನೆರೆದ ಜನ. ಚಿತ್ರ ಪ್ರತಿಸಲವೂ ಇದೇ. ವರದಿಯ ಕೊನೆಯ ವಾಕ್ಯವೂ ಬದಲಾಗುವುದಿಲ್ಲ: ‘ಗ್ರಾಮಸ್ಥರು ನಿಟ್ಟುಸಿರು ಬಿಟ್ಟರು.’ ಈ ನಿಟ್ಟುಸಿರಿಗೆ ಆಧಾರವೇನು ಎಂಬುದನ್ನು ವಿಚಾರಿಸುವುದು ಇಲ್ಲಿ ನನ್ನ ಉದ್ದೇಶ. ಬೋನಿಗೆ ಬಂದುದು ಚಿರತೆ ಎನ್ನುವುದು ಜಾತಿಯ ಮಾತಾಯಿತು. ಅದು ಯಾವ ಚಿರತೆ? ಮನುಷ್ಯನ ಮೇಲೆ ಬಿದ್ದದ್ದೆ, ಅಥವಾ ಮೇಕೆಯ ಕೂಗಿಗೆ ಓಗೊಟ್ಟು ಬಂದ ಬೇರೊಂದೆ?

2019ರ ಅಕ್ಟೋಬರಿನಿಂದ 2020ರ ಫೆಬ್ರವರಿಯ ಕೊನೆಯವರೆಗಿನ ಐದು ತಿಂಗಳನ್ನು ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವ ಸೀಮೆಯ ಜನ ಮರೆತಿಲ್ಲ. ಹೆಬ್ಬೂರು ಹೋಬಳಿಯ ಬನ್ನಿಕುಪ್ಪೆಯಲ್ಲಿ ಒಬ್ಬ ವೃದ್ಧೆ, ಕುಣಿಗಲ್ ತಾಲ್ಲೂಕಿನಲ್ಲಿ ಒಬ್ಬ ವೃದ್ಧ, ಗುಬ್ಬಿ ತಾಲ್ಲೂಕಿನ ಮಣಿಕುಪ್ಪೆಯಲ್ಲಿ ಒಬ್ಬ ಬಾಲಕ, ಮತ್ತೆ ಹೆಬ್ಬೂರಿನ ಕಡೆಯ ಬೈಚೇನಹಳ್ಳಿಯಲ್ಲಿ ಒಂದು ಹೆಣ್ಣುಮಗು: ಹೀಗೆ ನಾಲ್ವರು ಚಿರತೆಗೆ ಬಲಿಯಾದರು. ಅರಣ್ಯ ಇಲಾಖೆಯವರು ಬೋನುಗಳನ್ನಿಟ್ಟರು, ಮರಗಳಿಗೆ ಕ್ಯಾಮೆರಾ ಕಟ್ಟಿದರು. ಒಂದಕ್ಕಿಂತ ಹೆಚ್ಚು ಚಿರತೆಗಳು ಸೆರೆಸಿಕ್ಕವು. ಆದರೂ ಸಾವು ನಿಂತಿತೆಂದು ನಂಬಿದವರಿಗೆ ಮತ್ತೊಂದು ಸಾವಿನ ಸುದ್ದಿ ಬರುತ್ತಿತ್ತು. ‘ನರಭಕ್ಷಕ ಸಿಕ್ಕಿತು’ ಎಂಬ ಮಾತನ್ನು ನಾವು ಎಷ್ಟು ಬೇಗ ಆಡುತ್ತೇವೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಆಗ ಎಲ್ಲರ ಕಣ್ಣಿಗೂ ಕಾಣುವಂತಾಯಿತು.

ಗುರುತು ಹಿಡಿಯುವ ಕಷ್ಟ ನಮ್ಮ ಮಾತಿನಿಂದಲೇ ಮೊದಲಾಗುತ್ತದೆ. ಕನ್ನಡದ ಪಾಠ ಹೇಳುವವನಾದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸಿದರೆ ಓದುಗರು ಮನ್ನಿಸಬೇಕು. ‘ಕಿರುಬ’ ಎಂದರೆ ಒಂದು ಸೀಮೆಯಲ್ಲಿ ಚಿರತೆ, ಮತ್ತೊಂದು ಸೀಮೆಯಲ್ಲಿ ಕತ್ತೆಕಿರುಬ. ಹಳ್ಳಿಯ ಹಿರಿಯರು ಹಲವರಿಗೆ ಚಿರತೆಯೂ ‘ಹುಲಿ’ಯೇ, ಹೆಚ್ಚೆಂದರೆ ‘ಚಿಟ್ಟೆಹುಲಿ’. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ಎಂಟು ಚೀತಾಗಳು ಬಂದಾಗ, ಅವನ್ನೂ ‘ಚಿರತೆ’ ಎಂದೇ ಕರೆದ ಬರಹಗಳನ್ನು ನೋಡಿ ನನ್ನ ವಿದ್ಯಾರ್ಥಿಗಳು ಗೊಂದಲಕ್ಕೆ ಬಿದ್ದರು. ಹುಲಿಯೊಡನೆ ಹೋರಾಡಿ ಮಡಿದವನ ವೀರಗಲ್ಲನ್ನು ಕಡೆದ ಶಿಲ್ಪಿಗೆ ಈ ಗೊಂದಲವಿರಲಿಲ್ಲ. ಅವನು ಪ್ರಾಣಿಯನ್ನೇ ಕಲ್ಲಿನಲ್ಲಿ ನಿಲ್ಲಿಸಿಬಿಟ್ಟ. ಆದರೆ ರಾತ್ರಿ ಹಟ್ಟಿಯಲ್ಲಿ ಕುರಿ ಸತ್ತಾಗ ದೂರವಾಣಿಯಲ್ಲಿ ‘ಕಿರುಬ ಬಂದಿತ್ತು ಸ್ವಾಮಿ’ ಎಂದು ಹೇಳುವವನ ಮಾತನ್ನು ಕೇಳುವ ಅಧಿಕಾರಿ ಬೇರೆ ಸೀಮೆಯವನಾದರೆ, ತನಿಖೆಯ ಮೊದಲ ಹೆಜ್ಜೆಯೇ ದಾರಿ ತಪ್ಪುವ ಸಂಭವವಿದೆ.

ಮಾತು ಬಿಟ್ಟು ಮಣ್ಣನ್ನು ಕೇಳಿದರೆ ಅದು ಹೆಚ್ಚು ಸ್ಪಷ್ಟವಾಗಿ ಉತ್ತರ ಕೊಡುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಕ್ಕೆಳೆದುಕೊಂಡಿರುವುದರಿಂದ ಹೆಜ್ಜೆಯಲ್ಲಿ ನಾಲ್ಕು ಬೆರಳುಗಳೂ ಒಂದು ಅಂಗಾಲೂ ಮೂಡುತ್ತವೆ, ಉಗುರು ಮೂಡುವುದಿಲ್ಲ. ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬುಗಳು ಕಾಣುತ್ತವೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು. ಸತ್ತ ಪ್ರಾಣಿಯ ಮೈಯೂ ಸಾಕ್ಷಿ ನುಡಿಯುತ್ತದೆ. ಚಿರತೆ ಗಂಟಲು ಹಿಡಿದು ಕೊಲ್ಲುತ್ತದೆ. ಅಲ್ಲಿ ಕೋರೆಹಲ್ಲಿನ ತೂತುಗಳಿರುತ್ತವೆ. ಎಳೆದೊಯ್ದ ಜಾಡು ಇರುತ್ತದೆ. ಬೀದಿನಾಯಿಗಳ ಗುಂಪಾದರೆ ತೊಡೆ, ಹೊಟ್ಟೆ, ಕಿವಿ ಎಂದು ಸಿಕ್ಕಸಿಕ್ಕಲ್ಲಿ ಹರಿದಿರುತ್ತದೆ. ಚಿರತೆಯ ತಲೆಗೆ ಕಟ್ಟಿದ ಕುರಿಗಳಲ್ಲಿ ನಾಯಿ ಕೊಂದವು ಎಷ್ಟೋ ಇದ್ದಾವೆಂಬುದು ನನ್ನ ಅನುಮಾನ.

ನಮ್ಮ ಸೀಮೆಯಲ್ಲಿ ಕರಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಲ್ಲುಗುಡ್ಡಗಳ ನಾಡಿದು; ಗುಡ್ಡವಿದ್ದಲ್ಲಿ ಕರಡಿಗೆ ಗವಿಯುಂಟು. ಅದು ಗೆದ್ದಲು, ಇರುವೆ, ಹಣ್ಣು, ಜೇನು ತಿಂದು ಬದುಕುವ ಪ್ರಾಣಿ. ಆದರೆ ಅಪರೂಪಕ್ಕೆ ಸತ್ತ ಪ್ರಾಣಿಯ ಮಾಂಸಕ್ಕೂ ಬಾಯಿ ಹಾಕುತ್ತದೆ. ಬೇರೊಂದು ಪ್ರಾಣಿ ಕೊಂದುಹೋದ ಕರುವಿನ ಪಕ್ಕದಲ್ಲಿ ಕರಡಿಯ ಹೆಜ್ಜೆ ಕಂಡರೆ ಅದೇ ಕೊಂದಿತೆಂದು ಹೇಳುವಂತಿಲ್ಲ. ಆ ಹೆಜ್ಜೆಯೂ ಮೋಸಗೊಳಿಸುವಂಥದು: ಹಿಂಗಾಲಿನ ಗುರುತು ಬರಿಗಾಲ ಮನುಷ್ಯನದರಂತೆ ಕಾಣುತ್ತದೆ, ಮುಂಗಾಲಿನ ಉದ್ದನೆಯ ಉಗುರುಗಳು ಬೆರಳಿನಿಂದ ಎಷ್ಟೋ ಮುಂದೆ ಮಣ್ಣಿಗೆ ಚುಚ್ಚಿರುತ್ತವೆ. ನೆರೆಯ ಅರಸೀಕೆರೆಯ ಕಡೆ ಜನರ ಮೇಲೆ ಬೀಳುತ್ತಿದ್ದ ಕರಡಿಯೊಂದರ ಬೇಟೆಯನ್ನು ಕೆನೆತ್ ಆಂಡರ್ಸನ್ ಬರೆದಿದ್ದಾನೆ. ವಿದೇಶಗಳ ಕೆಲವೆಡೆ ಇಂದಿಗೂ ಕರಡಿಗೆ ಎರೆಯಿಟ್ಟು, ಎರೆಗೆ ಬರುತ್ತಿರುವುದು ಯಾವ ಪ್ರಾಣಿಯೆಂದು ಕ್ಯಾಮೆರಾದಿಂದ ತಿಳಿದು, ಅನಂತರ ಗುಂಡು ಹಾರಿಸುವ ಪದ್ಧತಿಯುಂಟು. ಅಲ್ಲಿ ಆ ಪ್ರಶ್ನೆ ವಿನೋದದ ಬೇಟೆಗೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಅಂಥ ಬೇಟೆ ನಮ್ಮಲ್ಲಿ ಇಲ್ಲವಾಯಿತು. ಇಲ್ಲಿ ಎರೆಯಿಡುವುದು ಊರಿನ ಜೀವ ಉಳಿಸಲು. ಆದುದರಿಂದಲೇ ಅದೇ ಪ್ರಶ್ನೆ ಇಲ್ಲಿ ಹೆಚ್ಚು ಗಂಭೀರ.

ಹೆಜ್ಜೆ ನೋಡಿ ಜಾತಿಯನ್ನು ಹೇಳಬಹುದು. ವ್ಯಕ್ತಿಯನ್ನು ಹೇಳುವುದು ಬಹು ಕಷ್ಟ. ಒಂದೇ ಕಾಲು ಒಣಮಣ್ಣಿನಲ್ಲಿ ಒಂದಳತೆ, ಕೆಸರಿನಲ್ಲಿ ಇನ್ನೊಂದಳತೆ ಮೂಡಿಸುತ್ತದೆ. ದೇಶದ ಹುಲಿಗಳನ್ನೆಲ್ಲ ಹೆಜ್ಜೆಗುರುತಿನಿಂದಲೇ ಎಣಿಸುತ್ತಿದ್ದ ಕಾಲವೊಂದಿತ್ತು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು ಬಯಲಾದ ಮೇಲೆ ಆ ಎಣಿಕೆಯ ಮೇಲಿನ ನಂಬಿಕೆ ಕುಸಿಯಿತು. ಅದಕ್ಕೂ ಮೊದಲೇ, 1990ರ ದಶಕದ ಆರಂಭದಲ್ಲಿ, ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು (ಶಿವರಾಮ ಕಾರಂತರ ಪುತ್ರರು) ಕ್ಯಾಮೆರಾ ಕಟ್ಟಿ ಹುಲಿಯ ಪಟ್ಟೆಗಳಿಂದ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿ ತೋರಿಸಿದ್ದರು. ಚಿರತೆಯ ಮೈಮೇಲಿನ ಹೂಚುಕ್ಕೆಗಳೂ ಹಾಗೆಯೇ, ಒಂದರಂತೆ ಇನ್ನೊಂದಿಲ್ಲ. ಆದರೆ ಎಡಮೈಯ ಚುಕ್ಕೆಗಳಿಗೂ ಬಲಮೈಯ ಚುಕ್ಕೆಗಳಿಗೂ ಹೋಲಿಕೆಯಿಲ್ಲ. ದಾರಿಯ ಒಂದೇ ಕಡೆ ಕ್ಯಾಮೆರಾ ಇಟ್ಟರೆ ಒಂದೇ ಚಿರತೆ ಎರಡಾಗಿ ತೋರೀತು; ಎರಡೂ ಕಡೆ ಎದುರುಬದುರಾಗಿ ಇಡಬೇಕು.

ಸರಿ, ಬೋನಿನಲ್ಲಿರುವ ಚಿರತೆ ಇಂಥದೇ ಎಂದು ಚಿತ್ರದಿಂದ ತಿಳಿಯಿತೆನ್ನೋಣ. ಅದೇ ಕೊಂದದ್ದು ಎನ್ನಲು ಅಷ್ಟು ಸಾಲದು. ಸಾವು ನಡೆದ ಜಾಗದಲ್ಲಿ ಆ ರಾತ್ರಿ ಕ್ಯಾಮೆರಾ ಇರಲಿಲ್ಲವಲ್ಲ! ಅಲ್ಲಿ ಉಳಿಯುವುದು ಗಾಯದಲ್ಲಿನ ಜೊಲ್ಲು, ಬೇಲಿಗೆ ಅಂಟಿದ ಕೂದಲು, ಹಿಕ್ಕೆ. ಇವುಗಳ ವಂಶವಾಹಿಯನ್ನು ಪರೀಕ್ಷಿಸಿ ಸೆರೆಯಾದ ಪ್ರಾಣಿಯದರೊಡನೆ ಹೋಲಿಸಬಲ್ಲ ಪ್ರಯೋಗಶಾಲೆಗಳು ಇಂದು ನಮ್ಮ ದೇಶದಲ್ಲಿಯೇ ಇವೆ. ಇಲ್ಲದ್ದು ಪರೀಕ್ಷೆಗೆ ಬೇಕಾದ ಸಾಮಗ್ರಿ. ಸುದ್ದಿ ಹಬ್ಬಿದ ಅರ್ಧ ಗಂಟೆಯಲ್ಲಿ ಸುತ್ತಣ ಊರುಗಳವರು ನೆರೆಯುತ್ತಾರೆ. ನೂರಾರು ಕಾಲುಗಳ ಕೆಳಗೆ ಹೆಜ್ಜೆ ಅಳಿಯುತ್ತದೆ, ಕೂದಲು ಕಾಣೆಯಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಸಾಲುಗಟ್ಟುತ್ತಾರೆ. ಆದರೆ ಹೆಜ್ಜೆಯ ಪಕ್ಕದಲ್ಲಿ ಒಂದು ಅಳತೆಪಟ್ಟಿಯಿಟ್ಟು ಚಿತ್ರ ತೆಗೆದವನನ್ನು ನಾನು ಕಂಡಿಲ್ಲ.

ಕಾಯಿದೆಯ 11ನೆಯ ವಿಧಿ ಈ ವಿಷಯದಲ್ಲಿ ಕಟ್ಟುನಿಟ್ಟು. ಪ್ರಾಣಿ ಮನುಷ್ಯಜೀವಕ್ಕೆ ಅಪಾಯಕಾರಿಯಾಗಿದೆಯೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾಗಬೇಕು. ಅವರು ಕಾರಣಗಳನ್ನು ಲಿಖಿತವಾಗಿ ಹೇಳಬೇಕು. ಹಿಡಿಯುವುದಕ್ಕಾಗಲಿ ಅರಿವಳಿಕೆ ಕೊಡುವುದಕ್ಕಾಗಲಿ ಸ್ಥಳಾಂತರಿಸುವುದಕ್ಕಾಗಲಿ ಸಾಧ್ಯವಿಲ್ಲವೆಂದಾದ ಮೇಲೆಯೇ ಕೊಲ್ಲುವ ಮಾತು. ಈ ಬಿಗಿ ಪ್ರಾಣಿದಯೆಗಾಗಿ ಮಾತ್ರವೆಂದು ಭಾವಿಸುವವರು ರುದ್ರಪ್ರಯಾಗದ ಕಥೆಯನ್ನು ನೆನೆಯಬೇಕು. 1918ರಿಂದ 1926ರವರೆಗೆ ಸರ್ಕಾರಿ ಲೆಕ್ಕದಲ್ಲಿಯೇ 125 ಜನರನ್ನು ಕೊಂದ ಆ ಚಿರತೆಯನ್ನು ಜಿಮ್ ಕಾರ್ಬೆಟ್ ಹೊಡೆಯುವ ಮುನ್ನ ಅದೇ ಸೀಮೆಯಲ್ಲಿ ಬೇರೆ ಚಿರತೆಗಳೂ ಸತ್ತಿದ್ದವು, ಸಾವುಗಳು ನಿಂತಿರಲಿಲ್ಲ. ತಪ್ಪು ಪ್ರಾಣಿಯನ್ನು ಹಿಡಿದರೆ ನಷ್ಟ ಆ ಪ್ರಾಣಿಗೊಂದೇ ಅಲ್ಲ. ಅಂದಿನಿಂದ ಊರು ಬಾಗಿಲು ತೆರೆದು ಮಲಗುತ್ತದೆ. ನಿಜವಾದದ್ದು ಹೊರಗೇ ಇರುತ್ತದೆ.

ಹಿಡಿದದ್ದನ್ನು ದೂರದ ಕಾಡಿಗೆ ಬಿಡುವ ಕ್ರಮದ ಫಲವೂ ಬಲ್ಲವರಿಗೆ ಗೊತ್ತು. ಮಹಾರಾಷ್ಟ್ರದ ಜುನ್ನರಿನಲ್ಲಿ 2001ರಿಂದ 2003ರವರೆಗೆ ಹಾಗೆ ಮಾಡಿದಾಗ ಜನರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4ರಿಂದ 17ಕ್ಕೆ ಏರಿತೆಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ತೋರಿಸಿದ್ದಾರೆ. 2011ರ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಕಂಡಕಂಡ ಚಿರತೆಯನ್ನು ಹಿಡಿಯಬಾರದೆನ್ನುತ್ತದೆ. 2022ರ ಕೊನೆಯಿಂದ 2023ರ ಜನವರಿಯವರೆಗೆ ತಿ. ನರಸೀಪುರದಲ್ಲಿ ನಾಲ್ವರು ಸತ್ತಾಗ ಮತ್ತೆ ಇದೇ ಬೋನು, ಇದೇ ಕೂಗು.

‘ಮಗು ಕಳೆದುಕೊಂಡ ತಾಯಿಗೆ ನಿಮ್ಮ ಪ್ರಯೋಗಶಾಲೆಯ ಕಾಗದ ತೋರಿಸುತ್ತೀರಾ?’ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ಮಾತು ಕಟುವಾದರೂ ನ್ಯಾಯವಾದದ್ದು. ಸಾವಾದ ಕಡೆ ಬೋನು ಇಡಬೇಡಿರೆಂದು ನಾನು ಹೇಳಲಾರೆ. ಅಲ್ಲಿ ತಡಮಾಡುವುದು ಕ್ರೌರ್ಯ. ಆದರೆ ಆ ತಾಯಿಗೇ, ಅವಳ ನೆರೆಯವರಿಗೇ, ಸಿಕ್ಕದ್ದು ಯಾವುದೆಂದು ಸತ್ಯವಾಗಿ ತಿಳಿಯುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿದೆ. ಪರೀಕ್ಷೆಯ ಫಲವನ್ನು, ಅದು ‘ಇದಲ್ಲ’ ಎಂದಾಗಿದ್ದರೂ ‘ಹೇಳಲಾಗದು’ ಎಂದಾಗಿದ್ದರೂ, ತಿಳಿಗನ್ನಡದಲ್ಲಿ ಆ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಅಲ್ಲಿಯವರೆಗೆ ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದೆಂಬ ಎಚ್ಚರಿಕೆಯನ್ನು, ಬೋನು ತುಂಬಿದ ಮಾತ್ರಕ್ಕೆ, ಹಿಂತೆಗೆದುಕೊಳ್ಳಬಾರದು.

2022ರ ಗಣತಿಯಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಆದರೆ ಆ ಗಣತಿ ಮುಖ್ಯವಾಗಿ ಹುಲಿಯ ಕಾಡುಗಳದ್ದು. ಹೆಬ್ಬೂರಿನ ತೆಂಗಿನ ತೋಟದಲ್ಲಿ, ಕುಣಿಗಲ್ಲಿನ ಗುಡ್ಡದಲ್ಲಿ, ಬೀದಿನಾಯಿ ತಿಂದು ಬದುಕುವ ಚಿರತೆ ಅದರೊಳಗೆ ಸೇರಿಲ್ಲವೆಂದೇ ಹೇಳಬೇಕು. ಸಾವಾಗುವ ಮೊದಲೇ ಈ ತಾಲ್ಲೂಕುಗಳ ಚಿರತೆಗಳ ಎರಡೂ ಮೈಯ ಚಿತ್ರಗಳು ಕಡತದಲ್ಲಿದ್ದರೆ, ಬೋನಿನೊಳಗಿನ ಮುಖವನ್ನು ಗುರುತಿಸಲು ಒಂದು ಬೆಳಗು ಸಾಕು. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಇಲಾಖೆಯೊಡನೆ ಕೂಡಿ, ರಾಗಿ ಕೊಯ್ಲಿಗೆ ಮುಂಚೆ, ಹೊಲ ಎತ್ತರವಾಗಿ ಬೆಳೆದು ಮರೆ ಹೆಚ್ಚುವ ದಿನಗಳಲ್ಲಿ ಈ ಕೆಲಸವನ್ನು ಆರಂಭಿಸಬಹುದು.