ಲಾಭದ ಶಾಸ್ತ್ರ, ನಷ್ಟದ ಶಾಸ್ತ್ರ

“ಇತಿಹಾಸ, ಶಾಸನ, ಭಾಷಾಶಾಸ್ತ್ರ ಮೊದಲಾದ ವಿಭಾಗಗಳಿಂದ ವಿಶ್ವವಿದ್ಯಾಲಯಕ್ಕೆ ಬರುವ ಉತ್ಪನ್ನವೇನು?” ಎಂಬ ಪ್ರಶ್ನೆಯು ಈಚೆಗೆ ನಮ್ಮ ನಾಡಿನಲ್ಲಿ ತೀರ ಸಾಮಾನ್ಯವಾಗಿಬಿಟ್ಟಿದೆ. ವ್ಯಾಪಾರಸ್ಥರು ಹೀಗೆ ಕೇಳಿದರೆ ಸೋಜಿಗವಿಲ್ಲ. ಆದರೆ ವಿದ್ಯಾಧಿಕಾರಿಗಳೂ ಜನಪ್ರತಿನಿಧಿಗಳೂ, ಅಷ್ಟೇಕೆ, ಅದೇ ವಿಭಾಗಗಳಲ್ಲಿ ಓದಿ ಪದವೀಧರರೆನಿಸಿದವರೂ ಇದೇ ಮಾತನ್ನು ಆಡತೊಡಗಿದ ಮೇಲೆ ಸುಮ್ಮನಿರುವುದು ಕರ್ತವ್ಯಚ್ಯುತಿಯಾದೀತು. ನಾವು ಈ ಪ್ರಶ್ನೆಯನ್ನು ಧಿಕ್ಕರಿಸುವುದಿಲ್ಲ. ಪ್ರಜೆಗಳ ತೆರಿಗೆಯಿಂದ ನಡೆಯುವ ಸಂಸ್ಥೆಯಿಂದ ಲೆಕ್ಕವನ್ನು ಕೇಳುವ ಹಕ್ಕು ಪ್ರಜೆಗಳಿಗೆ ಸಂಪೂರ್ಣವಾಗಿ ಉಂಟು. ಕೇಳುವುದಾದರೆ ಲೆಕ್ಕವು ಸರಿಯಾಗಿ ಬರೆದದ್ದಾಗಿರಬೇಕು, ಇಷ್ಟೇ ನಮ್ಮ ವಾದ. ಈಗ ಬರೆದಿರುವ ಲೆಕ್ಕವು ತಪ್ಪು.

ಮೊದಲು ಜಮೆಯ ಕಡೆಯನ್ನು ನೋಡೋಣ. ನಮ್ಮ ಸರಕಾರಿ ವಿಶ್ವವಿದ್ಯಾಲಯವೊಂದರ ಸ್ವಂತ ಉತ್ಪನ್ನವು ಎಲ್ಲಿಂದ ಬರುತ್ತದೆ? ಸರಕಾರದ ವೇತನಾನುದಾನವನ್ನು ಬಿಟ್ಟರೆ, ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ, ವಿದ್ಯಾರ್ಥಿಗಳ ಪ್ರವೇಶ ಶುಲ್ಕ, ಇವೇ ಮುಖ್ಯ ಬಾಬುಗಳು. ಈ ಹಣವನ್ನು ಕಟ್ಟುವವರಲ್ಲಿ ತಾಲೂಕಿನ ಊರುಗಳಲ್ಲಿ ಬಿ.ಎ., ಬಿ.ಕಾಂ. ಓದುವ ಹುಡುಗ ಹುಡುಗಿಯರೇ ದೊಡ್ಡ ಪಾಲು. ಅವರ ಪಾಠಕ್ಕೆ ಬೇಕಾದುದು ಒಂದು ಕೋಣೆ, ಒಂದು ಕರಿಹಲಗೆ, ಒಬ್ಬ ಅಧ್ಯಾಪಕ ಮತ್ತು ನಾಲ್ಕು ಕಪಾಟು ಪುಸ್ತಕ. ರಸಾಯನ, ಭೌತ ಮೊದಲಾದ ಶಾಸ್ತ್ರಗಳಿಗಾದರೋ ಪ್ರಯೋಗಶಾಲೆ ಬೇಕು, ಯಂತ್ರ ಬೇಕು, ಎಡೆಬಿಡದ ವಿದ್ಯುತ್ತು ಬೇಕು. ದಿಲ್ಲಿಯಿಂದ ಬರುವ ಯೋಜನೆಯ ಹಣದಲ್ಲಿ ಯಂತ್ರವನ್ನು ಕೊಳ್ಳಬಹುದು. ಆದರೆ ಆ ಯಂತ್ರದ ಮೇಲಣ ಸೂರು, ಅದಕ್ಕೆ ಕೊಡುವ ವಿದ್ಯುತ್ತು, ಅದನ್ನು ಕಾಯುವ ಜವಾನನ ಪಗಾರ, ಯೋಜನೆ ಮುಗಿದ ತರುವಾಯದ ದುರಸ್ತಿ, ಇವೆಲ್ಲ ಬಹುಮಟ್ಟಿಗೆ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯ ಮೇಲೆಯೇ ಬೀಳುತ್ತವೆ. ಹೀಗಿರಲು ಇತಿಹಾಸವನ್ನೋದುವ ಬಡ ಹುಡುಗನು ಕಟ್ಟಿದ ಶುಲ್ಕದಲ್ಲಿ ಒಂದಂಶವು ಪ್ರಯೋಗಶಾಲೆಯ ದೀಪವನ್ನು ಬೆಳಗುತ್ತದೆ. ವಾರ್ಷಿಕ ವರದಿಯಲ್ಲಿ ಮಾತ್ರ ಯೋಜನೆಯ ಹಣವು ವಿಜ್ಞಾನ ವಿಭಾಗದ ಹೆಸರಿನಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಹುಡುಗನ ಶುಲ್ಕವು ಯಾರ ಹೆಸರೂ ಇಲ್ಲದೆ “ಇತರೆ ಜಮೆ”ಯಲ್ಲಿ ಮುಳುಗುತ್ತದೆ. ಕೊಟ್ಟವನೇ ಸಾಲಗಾರನೆಂದು ಬರೆಯುವ ಖಾತೆಗೆ ಏನೆನ್ನಬೇಕು?

ಇದರಿಂದ ನಾವು ವಿಜ್ಞಾನದ ವಿರೋಧಿಗಳೆಂದು ಯಾರೂ ಭಾವಿಸತಕ್ಕದ್ದಲ್ಲ. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಸ್ಥಾಪನೆಯಾದಾಗ ಟಾಟಾ ಮನೆತನವು ದ್ರವ್ಯವನ್ನಿತ್ತರೆ, ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು. ಆ ಭೂಮಿಯಿಂದ ಮರುವರ್ಷವೇ ಫಲವನ್ನು ಎಣಿಸಿದ್ದರೆ ಆ ಸಂಸ್ಥೆಯು ಉಳಿಯುತ್ತಿರಲಿಲ್ಲ. ವಿಜ್ಞಾನಕ್ಕೆ ತೋರಿದ ಆ ತಾಳ್ಮೆಯನ್ನೇ ಉಳಿದ ವಿದ್ಯೆಗಳಿಗೂ ತೋರಿರೆಂದು ನಾವು ಕೇಳುತ್ತಿದ್ದೇವೆ.

ಇನ್ನು ಖರ್ಚಿನ ಕಡೆಗೆ ಬರೋಣ. ವಿಜ್ಞಾನದ ಸಂಶೋಧನೆಯಲ್ಲಿ ಯಂತ್ರದ ಬೆಲೆ ದೊಡ್ಡದು. ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರಗಳ ಸಂಶೋಧನೆಯಲ್ಲಿ ದೊಡ್ಡ ಖರ್ಚು ಯಾವುದೆಂದರೆ ವಿದ್ವಾಂಸನ ಕಾಲ. ಅದಕ್ಕಾಗಿ ಬೇರೆ ಅನುದಾನವು ಬರುವುದು ಅಪರೂಪ. ಅಧ್ಯಾಪಕನ ಸಂಬಳದಲ್ಲಿಯೇ ಅದು ಅಡಗಿರುತ್ತದೆ. ಆದುದರಿಂದ ಅಧ್ಯಾಪಕ ಹುದ್ದೆಯೊಂದನ್ನು ಖಾಲಿ ಬಿಟ್ಟು, ಗಂಟೆಯ ಲೆಕ್ಕದಲ್ಲಿ ಅತಿಥಿ ಉಪನ್ಯಾಸಕನೊಬ್ಬನನ್ನು ಕರೆಸಿದರೆ ಪಾಠವೇನೋ ನಡೆದೀತು, ಸಂಶೋಧನೆಯು ಅಂದೇ ನಿಂತುಹೋಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಮಾಡಿದ ನಿಯಮವನ್ನೇ ನೋಡಿರಿ: ಅತಿಥಿ ಉಪನ್ಯಾಸಕನಿಗೆ ಪಾಠವೊಂದಕ್ಕೆ 1500 ರೂಪಾಯಿ, ತಿಂಗಳಿಗೆ 50,000 ರೂಪಾಯಿ ಮೀರತಕ್ಕದ್ದಲ್ಲ. ಆ ನಿಯಮದಲ್ಲಿ ತರಗತಿಯ ಗಂಟೆಗೆ ಬೆಲೆಯುಂಟು. ಗ್ರಂಥಾಲಯದಲ್ಲಿ ಕಳೆದ ಸಂಜೆಗೆ, ಹೊಲದ ಬದುವಿನಲ್ಲಿ ಬಿದ್ದ ಶಾಸನದ ಪಡಿಯಚ್ಚು ತೆಗೆಯುವ ದಿನಕ್ಕೆ, ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ವರ್ಷಕ್ಕೆ ಬೆಲೆಯಿಲ್ಲ. 2023ರ ಕೊನೆಯಲ್ಲಿ ನಮ್ಮ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾಭದ್ರತೆಗಾಗಿ ತರಗತಿಗಳನ್ನು ತೊರೆದು ಮುಷ್ಕರ ಹೂಡಿದುದನ್ನು ವಾಚಕರು ಮರೆತಿರಲಾರರು. ಕನ್ನಡ ನಾಡಿನ ಇತಿಹಾಸವನ್ನು ಶೋಧಿಸಕೂಡದೆಂದು ಯಾವ ಸರಕಾರವೂ ಆಜ್ಞೆ ಹೊರಡಿಸಿಲ್ಲ. ಆಜ್ಞೆಯ ಅವಶ್ಯಕತೆಯೇ ಬೀಳಲಿಲ್ಲ. ಹುದ್ದೆಯನ್ನು ತುಂಬದಿದ್ದರೆ ಸಾಕಾಯಿತು.

ವಿದ್ವಾಂಸನ ಕಾಲಕ್ಕೆ ಬೆಲೆಯೆಷ್ಟೆಂದು ಕೇಳುವವರಿಗೆ ಮೈಸೂರಿನದೇ ಒಂದು ನಿದರ್ಶನವನ್ನು ಕೊಡುತ್ತೇವೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಾಳೆಯೋಲೆಯ ಕಟ್ಟೊಂದನ್ನು ಒಪ್ಪಿಸಿದ್ದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1905ರಿಂದ ಅದನ್ನು ಲೋಕಕ್ಕೆ ಪರಿಚಯಿಸತೊಡಗಿದರು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾದವು. ಭಾರತೀಯರಿಗೆ ರಾಜ್ಯಾಡಳಿತದ ಶಾಸ್ತ್ರವೇ ಇರಲಿಲ್ಲವೆಂದು ಹೇಳುತ್ತಿದ್ದವರ ಬಾಯಿ ಅಂದಿಗೆ ಕಟ್ಟಿತು. ಶಾಸ್ತ್ರಿಗಳಿಗೆ ಪಾಠದ ಗಂಟೆಯನ್ನೆಣಿಸಿ ಸಂಬಳ ಕೊಟ್ಟಿದ್ದರೆ ಆ ಓಲೆಗಳು ಇಂದಿಗೂ ಕಪಾಟಿನಲ್ಲಿಯೇ ಇರುತ್ತಿದ್ದವು. ಇಂದು ಆ ಗ್ರಂಥವನ್ನು ಅರ್ಥಶಾಸ್ತ್ರಜ್ಞರು ಓದುತ್ತಾರೆ, ರಾಜ್ಯಶಾಸ್ತ್ರಜ್ಞರು ಓದುತ್ತಾರೆ, ಕೃಷಿ, ಗಣಿ, ನೀರಾವರಿಗಳ ಚರಿತ್ರೆಯನ್ನು ಬರೆಯುವವರೂ ಓದುತ್ತಾರೆ. ಇದರ ಲಾಭವನ್ನು ಯಾವ ವಿಭಾಗದ ಖಾತೆಗೆ ಜಮೆ ಮಾಡುವಿರಿ? ಸಂಸ್ಕೃತದ ಖಾತೆಗೋ, ವಾಣಿಜ್ಯದ ಖಾತೆಗೋ? ವಿದ್ಯೆಗಳು ಒಂದರ ಗಳಿಕೆಯನ್ನು ಇನ್ನೊಂದು ಉಣ್ಣುತ್ತ ಬಾಳುವ ಅವಿಭಕ್ತ ಕುಟುಂಬದಂತಿವೆ. ಅಲ್ಲಿ ಪ್ರತಿಯೊಬ್ಬರ ತಟ್ಟೆಗೂ ಬೇರೆ ಬೇರೆ ಚೀಟಿ ಬರೆಯಹೊರಟರೆ ಮೊದಲು ಉಪವಾಸ ಬೀಳುವವರು ಮನೆಯ ಹಿರಿಯರೂ ಮಕ್ಕಳೂ.

ಅವಿಭಕ್ತ ಕುಟುಂಬವನ್ನು ಒಡೆಯುವ ಕೆಲಸವಂತೂ ಸಾಂಗವಾಗಿ ನಡೆದಿದೆ. 2023ರಲ್ಲಿ ಬೀದರ, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ತಲೆಯೆತ್ತಿದವು. ಜಿಲ್ಲೆಯ ಜನರಿಗೆ ಸಂತೋಷವಾಯಿತು, ಅದು ಸಹಜವೇ. ಆದರೆ ಧಾರವಾಡದಿಂದ ಹಾವೇರಿಯ ಕಾಲೇಜುಗಳೂ ಮೈಸೂರಿನಿಂದ ಹಾಸನ, ಚಾಮರಾಜನಗರಗಳ ಕಾಲೇಜುಗಳೂ ಹೋದವು. ಅವುಗಳೊಡನೆ ಶುಲ್ಕವೂ ಹೋಯಿತು. ನಿವೃತ್ತರಾದವರ ಪಿಂಚಣಿಯ ಭಾರವು ಮಾತ್ರ ತಾಯಿಯ ಹೆಗಲ ಮೇಲೆಯೇ ಉಳಿಯಿತು. ಮಕ್ಕಳಿಗಾದರೂ ಆಸ್ತಿ ಸಿಕ್ಕಿತೇ? ಎರಡೇ ವರ್ಷಗಳಲ್ಲಿ, 2025ರ ಫೆಬ್ರವರಿಯಲ್ಲಿ, ಹಣದ ಕೊರತೆಯನ್ನೇ ಮುಂದೊಡ್ಡಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವು ಸಚಿವರ ಉಪಸಮಿತಿಯ ಮುಂದೆ ಬಂದಿತು. ಫಲಕವನ್ನು ತೂಗುಹಾಕುವುದಕ್ಕೆ ತಗಲುವ ವೆಚ್ಚವನ್ನೇ ವಿಶ್ವವಿದ್ಯಾಲಯದ ವೆಚ್ಚವೆಂದು ಬಗೆದುದರ ಫಲವಿದು.

“ಬೊಕ್ಕಸದಲ್ಲಿ ಹಣವಿಲ್ಲ” ಎಂಬ ಉತ್ತರವು ಸಿದ್ಧವಾಗಿಯೇ ಇದೆ. ಹಣವಿಲ್ಲವೇ? ಪರದೇಶದ ಪ್ರಕಾಶಕರ ವಿದ್ವತ್ಪತ್ರಿಕೆಗಳನ್ನು ನಮ್ಮ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಕೇಂದ್ರ ಸರಕಾರವು 2024ರ ನವೆಂಬರಿನಲ್ಲಿ ಮೂರು ವರ್ಷಗಳಿಗೆ 6000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅವುಗಳಲ್ಲಿ ನಮ್ಮವರೂ ಲೇಖನ ಬರೆಯುತ್ತಾರೆ, ಸಂಭಾವನೆಯಿಲ್ಲದೆ ಇತರರ ಲೇಖನಗಳನ್ನು ಪರಿಶೀಲಿಸುತ್ತಾರೆ. ಅವರ ಸಂಬಳವನ್ನು ಕೊಟ್ಟ ನಾವೇ ಮತ್ತೆ ಹಣ ತೆತ್ತು ಅದನ್ನು ಓದುತ್ತೇವೆ. 2023ರ ಶಾಸನದಂತೆ ಹುಟ್ಟಿದ ಅನುಸಂಧಾನ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ಕೂಡಿಸುವ ಸಂಕಲ್ಪವಿದೆ. ಆದರೆ ಆ ಶಾಸನದಲ್ಲಿ ಮಾನವಿಕ ವಿದ್ಯೆಗಳಿಗೆ ಬಾಗಿಲು ತೆರೆದಿರುವುದು ವಿಜ್ಞಾನ ತಂತ್ರಜ್ಞಾನಗಳೊಡನೆ ಕೂಡಿದ ಮಟ್ಟಿಗೆ ಮಾತ್ರ. ಹಣವುಂಟು, ಕನ್ನಡದ ವಿದ್ಯೆಯು ನಿಂತ ಸಾಲಿಗೆ ಅದು ಬಂದು ಮುಟ್ಟುವುದಿಲ್ಲ. ಶಿಕ್ಷಣಕ್ಕೆ ರಾಷ್ಟ್ರದ ಆದಾಯದ ನೂರಕ್ಕೆ 6ರಷ್ಟು ಬೇಕೆಂದು 1966ರಲ್ಲಿ ಕೊಠಾರಿ ಆಯೋಗವು ಹೇಳಿದ ಮಾತಾದರೋ ಇನ್ನೂ ಮಾತಾಗಿಯೇ ಉಳಿದಿದೆ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಪಿಂಚಣಿಯ ಭಾರವನ್ನು ರಾಜ್ಯ ಸರಕಾರವು ವಿಶ್ವವಿದ್ಯಾಲಯಗಳ ಹೆಗಲಿನಿಂದ ಇಳಿಸಿ ತಾನೇ ಹೊರಬೇಕು. ಮಂಜೂರಾದ ಅಧ್ಯಾಪಕ ಹುದ್ದೆಗಳನ್ನು ಎಲ್ಲ ವಿಭಾಗಗಳಲ್ಲಿಯೂ ತುಂಬಬೇಕು. ಹೊರಗಿನ ಯೋಜನೆಯ ಹಣವು ಬಂದಾಗ ಅದರಲ್ಲೊಂದು ಪಾಲು ಎಲ್ಲರಿಗೂ ಸೇರಿದ ಗ್ರಂಥಾಲಯಕ್ಕೂ ಕೊಳ್ಳುವವರಿಲ್ಲದ ವಿದ್ಯೆಗಳಿಗೂ ಸಲ್ಲಬೇಕು. ಯಾವ ವಿಭಾಗದ ವಿದ್ಯಾರ್ಥಿಗಳಿಂದ ಎಷ್ಟು ಬಂದಿತು, ಯಾವ ವಿಭಾಗಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿ ಜನರ ಮುಂದಿಡಬೇಕು.

ಶಿಕ್ಷಕ ಬಂಧುಗಳೇ, ಈ ಮಾತು ನಿಮ್ಮನ್ನೇ ಕುರಿತದ್ದು. ನೀವು ಮಕ್ಕಳಿಗೆ ಓದಿಸುವ ಪಾಠದ ಪುಸ್ತಕದಲ್ಲಿ ಬಾದಾಮಿಯ ಚಲುಕ್ಯರ ಹೆಸರಿದೆಯಲ್ಲವೇ? ಶಾಸನದ ಒಂದೊಂದಕ್ಷರವನ್ನು ತಡವಿ ಓದಿದ ವಿದ್ವಾಂಸನಿಂದ ಅದು ಅಲ್ಲಿಗೆ ಬಂದಿದೆ. ಆ ವಿದ್ವಾಂಸನ ಪೀಠವು ಇಂದು ಖಾಲಿಯಿದ್ದರೆ, ಮುಂದಿನ ತಲೆಮಾರಿನ ಪುಸ್ತಕದಲ್ಲಿ ಹೊಸದೊಂದು ಸಾಲನ್ನು ಸೇರಿಸುವವರು ಯಾರು? ಮತ ಕೇಳಲು ಬಂದವರನ್ನು ಜಗುಲಿಯ ಮೇಲೆ ಕುಳ್ಳಿರಿಸಿ, ನಮ್ಮ ವಿಶ್ವವಿದ್ಯಾಲಯದಲ್ಲಿ ಎಷ್ಟು ಹುದ್ದೆಗಳು ಖಾಲಿಯಿವೆ, ಎಂದು ತುಂಬುವಿರಿ ಎಂದು ಕೇಳಿರಿ. ಉತ್ತರ ಬರುವ ತನಕ ಏಳಗೊಡಬೇಡಿರಿ.